ಬಳೆ ಬಿಗಿಯಾದ ದಿನ

ಹಲ್ಲುಜ್ಜಿ ಉಗಿದರೆ ಬೇಸಿನ್ ಕೆಂಪು. ಬ್ರಷ್ ಒರಟು ಅಂದುಕೊಂಡು ಹೊಸದು ತಂದೆ. ಅದರಲ್ಲೂ ಅದೇ ಕಥೆ. ಬಸ್ಸಿನಲ್ಲಿ ಯಾರದೋ ಮೊಣಕೈ ತಾಗಿದ ಜಾಗ ನೇರಳೆ ಬಣ್ಣಕ್ಕೆ ತಿರುಗಿತು. ನಾನು ವಿಜಯನಗರದ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳಿಕೊಡುವವಳು. ರಕ್ತ ಹೆಪ್ಪುಗಟ್ಟುವ ಪಾಠವನ್ನು ನಿದ್ದೆಗಣ್ಣಲ್ಲೂ ಮಾಡಬಲ್ಲೆ. ಆದರೂ ಲ್ಯಾಬಿಗೆ ಹೋದದ್ದು ಗಂಡ ಮಂಜುನಾಥ ಗದರಿದ ಮೇಲೆಯೇ.

ಬ್ಲಡ್ ಕ್ಯಾನ್ಸರ್.

ರಿಪೋರ್ಟ್ ಬಂದ ಸಂಜೆಯೇ ಅಡ್ಮಿಟ್ ಮಾಡಿಕೊಂಡರು. ಡಾಕ್ಟರ್ ಹೆಂಗಸು, ನನಗಿಂತ ಚಿಕ್ಕವರು. "ಲೆಕ್ಚರರ್ ಅಂದ್ರಲ್ಲ, ನಿಮಗೆ ಬಿಡಿಸೇ ಹೇಳ್ತೀನಿ" ಎಂದು ನನ್ನ ದುಪಟ್ಟಾದ ಎರಡು ತುದಿ ಸೇರಿಸಿ ಹಗ್ಗದಂತೆ ಹೊಸೆದರು.

"ಇದು ಡಿಎನ್‌ಎ ಅಂದ್ಕೊಳ್ಳಿ. ಹೊಸೆದಾಗ ಒಂದು ಅಗಲದ ಸಂದು, ಒಂದು ಕಿರಿದು. ಜೀನ್‌ಗಳಿಗೆ ಆರ್ಡರ್ ಕೊಡೋ ಪ್ರೋಟೀನ್ ಒಂದಿದೆ. ಅದರ ಬೆರಳು ಅಗಲದ ಸಂದಲ್ಲಿ ಕೂರುತ್ತೆ. ಬೆರಳಿನ ಆಕಾರ ಕೆಡದ ಹಾಗೆ ಜಿಂಕ್ ಕಟ್ಟಿ ಹಿಡಿದಿರುತ್ತೆ. ಒಳಗಿನ ಅಕ್ಷರಗಳ ಅಂಚು ತಡವಿ, ತನ್ನ ಜಾಗ ಅನ್ನಿಸಿದ್ರೆ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ."

"ನನ್ನಲ್ಲಿ ಆ ಬೆರಳು ಕೆಟ್ಟಿದೆಯಾ?"

"ಇಲ್ಲ. ಬೆರಳು ಸರಿಯಾಗೇ ಇದೆ. ಹಿಡೀಬೇಕಾದ ಜಾಗಾನೇ ಹಿಡಿದಿದೆ."

ನನಗೆ ಭಯವಾದದ್ದು ಆಗ.

ಕೆಟ್ಟದ್ದು ಬೆರಳಲ್ಲ, ಅದರ ಬೆನ್ನಿಗೆ ಬೆಸೆದುಕೊಂಡಿದ್ದ ಇನ್ನೊಂದು ಪ್ರೋಟೀನ್. ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ, ಆ ಜೋಡಿ ಬೇರೆ ಯಾರಿಗೂ ಜಾಗ ಬಿಡದೆ ಜೀನ್‌ಗಳ ಬಾಯಿ ಮುಚ್ಚಿಸಿತ್ತು. ಬೆಳೆಯಿರಿ ಎಂದು ಹೇಳುವವರಿಲ್ಲದೆ ರಕ್ತಕಣಗಳು ಎಳಸಾಗಿಯೇ ಉಳಿದು ಮೂಳೆಯೊಳಗೆ ತುಂಬಿಕೊಳ್ಳುತ್ತಿದ್ದವು. ಕೊಡುವ ಕ್ಯಾಪ್ಸೂಲ್ ವಿಟಮಿನ್ ಎ ಜಾತಿಯದು. ಅದು ಹೊಕ್ಕರೆ ಪ್ರೋಟೀನಿನ ಆಕಾರ ಬದಲಾಗುತ್ತದೆ, ಜೀನ್‌ಗಳು ಮತ್ತೆ ಬಾಯಿ ಬಿಡುತ್ತವೆ, ಕಣಗಳು ಬಲಿಯುತ್ತವೆ.

"ಆದ್ರೆ ಎಲ್ಲಾ ಒಟ್ಟಿಗೆ ಬಲಿಯೋಕೆ ಶುರುವಾದ್ರೆ ಶ್ವಾಸಕೋಶಕ್ಕೆ ನುಗ್ಗಬಹುದು, ಮೈಯಲ್ಲಿ ನೀರು ತುಂಬಬಹುದು. ಜೀವಕ್ಕೇ ಅಪಾಯ. ದಿನಾ ತೂಕ ನೋಡ್ತೀವಿ."

ಈ ಮಾತಾಗುವಾಗ ಅಮ್ಮ ಫ್ಲಾಸ್ಕಿಗೆ ಬಿಸಿನೀರು ತರಲು ಹೋಗಿದ್ದಳು.

ಮಹಾಲಕ್ಷ್ಮಿ ಲೇಔಟಿನಿಂದ ಬಟ್ಟೆ ಗಂಟು ಸಮೇತ ಬಂದವಳು ವಾರ್ಡಿನಲ್ಲೇ ಉಳಿದಿದ್ದಳು. "ಕಡ್ಡಿ ಆಗಿದೀಯ ಕಣೇ" ಎಂದು ನನ್ನ ಹಸಿರು ಬಳೆಗಳನ್ನು ಮೊಣಕೈವರೆಗೆ ಸರಿಸಿ ನೋಡಿ ಕಣ್ಣು ಒರೆಸಿಕೊಳ್ಳುವುದು ಅವಳ ದಿನಚರಿ. ಕ್ಯಾಪ್ಸೂಲ್ ಶುರುವಾಗಿ ಕೆಲವು ದಿನಕ್ಕೆ ಬಳೆ ಸರಿಯಲಿಲ್ಲ. ಅಮ್ಮನ ಮುಖ ಅರಳಿತು.

"ಮೈ ತುಂಬ್ಕೊಳ್ತಾ ಇದೆ ಕಣೇ. ಮುಖಕ್ಕೂ ಕಳೆ ಬಂದಿದೆ."

ನರ್ಸ್ ತೂಕದ ಮೆಷಿನ್ ತಂದಾಗ ಅಡ್ಡ ನಿಂತಳು. "ದಿನಾ ತೂಗಿದ್ರೆ ದೃಷ್ಟಿ ಆಗುತ್ತೆ ಸಿಸ್ಟರ್. ಮಲಗಿದಾಳೆ, ಆಮೇಲೆ ಬನ್ನಿ." ನಾನು ಮಲಗಿರಲಿಲ್ಲ. ಆದರೆ ಕಣ್ಣು ತೆರೆಯಲು ಮನಸ್ಸಾಗಲಿಲ್ಲ. ಎಷ್ಟೋ ದಿನಕ್ಕೆ ಅಮ್ಮ ನಕ್ಕಿದ್ದಳು. ನಾನೂ ಅವಳ ಮಾತನ್ನೇ ನಂಬಬೇಕೆಂದಿದ್ದೆ. ಅವಳು ಉಪ್ಪು, ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ನಿವಾಳಿಸಿದಳು. ವಾರ್ಡಿನಲ್ಲಿ ಬೆಂಕಿಗೆ ಹಾಕುವುದೆಲ್ಲಿ? ಸೆರಗಿಗೆ ಗಂಟು ಹಾಕಿಕೊಂಡಳು.

ಮಧ್ಯಾಹ್ನ ಅಂಗಾತ ಮಲಗಲು ಆಗಲಿಲ್ಲ. ಒಂದು ವಾಕ್ಯ ಮುಗಿಸುವಷ್ಟು ಉಸಿರಿಲ್ಲ. ಓಡಿಬಂದ ಡಾಕ್ಟರ್ ನನ್ನ ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ತೆಗೆದರು.

ಗುಳಿ ಹಾಗೇ ಉಳಿಯಿತು.

"ಬೆಳಿಗ್ಗೆ ತೂಕ ಯಾಕೆ ನೋಡಿಲ್ಲ?"

"ನಾನೇ ಬೇಡ ಅಂದೆ ತಾಯಿ" ಅಂದಳು ಅಮ್ಮ. "ದಪ್ಪ ಆಗ್ತಾ ಇದಾಳೆ ಅಂತ..."

"ಅದು ಮಾಂಸ ಅಲ್ಲಮ್ಮ, ನೀರು."

ಬಳೆ ತೆಗೆಯಬೇಕೆಂದರು. ಒಡೆಯಲು ಅಮ್ಮ ಬಿಡಲಿಲ್ಲ. ಸೋಪು ನೀರು ಹಚ್ಚಿ ಒಂದೊಂದಾಗಿ ತಾನೇ ಜಾರಿಸಿದಳು. ಮೆಟ್ರೋಗೆ ಅಗೆದಿದ್ದ ಮಾಗಡಿ ರೋಡಿನಲ್ಲಿ ಸಿಕ್ಕಿಬಿದ್ದ ಮಂಜುನಾಥ ಬರುವ ಹೊತ್ತಿಗೆ ನಾನು ಐಸಿಯುನಲ್ಲಿದ್ದೆ. ಆಕ್ಸಿಜನ್, ಸ್ಟೀರಾಯ್ಡ್ ಇಂಜೆಕ್ಷನ್. ವಾಸಿ ಮಾಡಲು ಬಂದದ್ದೇ ನನ್ನನ್ನು ಮುಳುಗಿಸುತ್ತಿತ್ತು. ಮಾಸ್ಕ್ ಒಳಗೆ ಆ ಬೆರಳಿನ ಬಗ್ಗೆಯೇ ಯೋಚಿಸಿದೆ: ಹಿಡಿತ ಬಿಡು, ಆದರೆ ಇಷ್ಟು ಅವಸರ ಬೇಡ ಎಂದು ಅದಕ್ಕೆ ಹೇಗೆ ಹೇಳುವುದು?

ನೀರು ಇಳಿಯಿತು. ಆಮೇಲೆ ಕೀಮೋ, ಉದುರಿದ ಕೂದಲು, ಮತ್ತೆ ಕ್ಯಾಪ್ಸೂಲ್. ಕೊನೆಯ ಬೋನ್ ಮ್ಯಾರೋ ಟೆಸ್ಟಿನಲ್ಲಿ ಆ ಬೆಸುಗೆ ಸಿಗಲಿಲ್ಲ. "ಸಿಗಲಿಲ್ಲ ಅಂತಷ್ಟೇ ಹೇಳ್ತೀನಿ" ಅಂದರು ಡಾಕ್ಟರ್. ನನಗೆ ಅಷ್ಟು ಸಾಕು. ಸಾಕು ಅಂದುಕೊಳ್ಳುವುದನ್ನು ಕಲಿಯುತ್ತಿದ್ದೇನೆ.

ಮೊನ್ನೆ ಬಸವೇಶ್ವರನಗರದ ನಮ್ಮ ಮನೆಗೆ ಪಕ್ಕದ ಆಂಟಿ ಬಂದಿದ್ದರು. "ಈಗ ಪರವಾಗಿಲ್ಲಮ್ಮ, ಸ್ವಲ್ಪ ದಪ್ಪ ಆಗಿದೀಯ" ಅಂದರು.

ಅಮ್ಮನ ಮುಖ ಬಿಳಿಚಿಕೊಂಡಿತು. ಅವರು ಹೋದ ಮೇಲೆ ಬಾಗಿಲು ಹಾಕಿ ಬಂದು ನನ್ನೆದುರು ನೆಲದ ಮೇಲೆ ಕೂತಳು. "ಕಾಲು ಚಾಚು." ಡಾಕ್ಟರ್ ಒತ್ತಿದ ಜಾಗದಲ್ಲೇ ಹೆಬ್ಬೆರಳು ಒತ್ತಿ, ಹಾಗೇ ಹಿಡಿದುಕೊಂಡಳು. ಬೆರಳು ತೆಗೆಯಲು ಅವಳಿಗೆ ಧೈರ್ಯ ಬರುತ್ತಿಲ್ಲ ಎಂದು ನನಗೆ ಗೊತ್ತಾಯಿತು.

"ತೆಗಿಯಮ್ಮ" ಅಂದೆ.

ತೆಗೆದಳು. ಗುಳಿ ಇರಲಿಲ್ಲ. ಇನ್ನೊಂದು ಕಾಲನ್ನೂ ಒತ್ತಿ ನೋಡಿದಳು. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ ಉಪ್ಪು, ಮೆಣಸಿನಕಾಯಿ ತಂದಳು.