ಹದಿನೇಳು ಸಲ ಸರಿ ಹೋಯ್ತು

ನನ್ನದೊಂದು ದೌರ್ಬಲ್ಯವಿದೆ. ಕೆಲಸ ಮುಗಿಯುವ ಮೊದಲೇ ಮುಗಿಯಿತೆಂದು ಬರೆದಿಟ್ಟುಬಿಡುತ್ತೇನೆ. ಮನೆಯ ಕಾಗದವಾದರೆ ಹರಿದು ಹಾಕಬಹುದು. ನಾನು ಬರೆದದ್ದು ಊರೆಲ್ಲ ಓದುವ ಜಾಗದಲ್ಲಿ.

ಎರಡು ಸಾವಿರದ ದಶಕದ ಕೊನೆಯ ಮಾತು. ಬನಶಂಕರಿಯ ನಾನೂ, ಬಾಗಲಕೋಟೆಯಿಂದ ಬಂದು ಬಿಟಿಎಂನಲ್ಲಿ ಬಾಡಿಗೆಗಿದ್ದ ಬಸವರಾಜನೂ ಸೇರಿ ರಾಹುಕಾಲ ತೋರಿಸುವ ಪುಟ್ಟ ತಂತ್ರಾಂಶವೊಂದನ್ನು ಬರೆಯುತ್ತಿದ್ದೆವು. ಮುಕ್ತ ತಂತ್ರಾಂಶ, ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ತಿದ್ದಿದಾಗಲೆಲ್ಲ ಏನು ಮಾಡಿದೆನೆಂದು ಒಂದು ಸಾಲು ಬರೆದು ಹೆಸರಿನೊಂದಿಗೆ ಸೇರಿಸಬೇಕು. ಅದಕ್ಕೆ ಕಮಿಟ್ ಎನ್ನುತ್ತಾರೆ. ಆ ಸಾಲುಗಳ ಪಟ್ಟಿಯೇ ತಂತ್ರಾಂಶದ ಇತಿಹಾಸ.

ಇತಿಹಾಸಕ್ಕೆ ನನ್ನ ಕೊಡುಗೆ ಹೀಗಿತ್ತು: ‘ಸರಿ ಹೋಯ್ತು.’ ‘ಈಗ ಸರಿ ಹೋಯ್ತು.’ ‘ಈಗ ನಿಜವಾಗಿಯೂ ಸರಿ ಹೋಯ್ತು.’ ಹೀಗೆ ಹದಿನೇಳು ಸಲ. ಅದರ ನಡುವೆ ಇನ್ನೊಂದು: ‘ಬಸವರಾಜ ಮಾಡಿದ ಅಧ್ವಾನ ತೊಳೆದದ್ದು.’ ಅಧ್ವಾನ ನನ್ನದೇ ಎಂದು ಆಮೇಲೆ ಗೊತ್ತಾಯಿತು. ಕಂಪ್ಯೂಟರು ವಾರದ ದಿನಗಳನ್ನು ಸೊನ್ನೆಯಿಂದ ಎಣಿಸುತ್ತದೆ, ಅದಕ್ಕೆ ಭಾನುವಾರವೇ ಸೊನ್ನೆ ಎಂಬುದನ್ನು ಮರೆತು ಸೋಮವಾರಕ್ಕೆ ಭಾನುವಾರದ ರಾಹುಕಾಲ ಕೊಟ್ಟಿದ್ದೆ. ಅದನ್ನು ನಂಬಿ ಸೋಮವಾರ ಬೆಳಗ್ಗೆ ಎಂಟಕ್ಕೆ, ಸರಿಯಾಗಿ ರಾಹುಕಾಲದಲ್ಲೇ, ದೇವಸ್ಥಾನಕ್ಕೆ ಹೋದ ನಮ್ಮಪ್ಪ ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ಬಂದರು. ತಪ್ಪನ್ನು ಹುಡುಕಿ ತಿದ್ದಿದವನು ಬಸವರಾಜ. ಕ್ಷಮೆ ಕೇಳಬೇಕೆಂದುಕೊಂಡೆ, ಕೇಳಲಿಲ್ಲ.

ಅಷ್ಟರಲ್ಲಿ ಜಯನಗರದ ಸಭಾಂಗಣವೊಂದರಲ್ಲಿ ಭಾನುವಾರ ಸಂಜೆ ನಮ್ಮ ಕೆಲಸ ತೋರಿಸಲು ಕರೆ ಬಂತು. ಇತಿಹಾಸವನ್ನೂ ತೋರಿಸಿ ಎಂದರು. ಬರೆದಿಟ್ಟ ಸಾಲುಗಳನ್ನು ಮೊದಲಿನಿಂದ ಓದಿಕೊಂಡೆ. ಶಾಸನ ಕೆತ್ತುವವನು ಅಕ್ಷರ ಬಿಟ್ಟರೆ ಸಾಲಿನ ಕೆಳಗೆ ಸಣ್ಣದಾಗಿ ಸೇರಿಸಿ ಸುಮ್ಮನಾಗುತ್ತಿದ್ದ. ಪಾಪ, ಅವನ ಮರೆವು ಇವತ್ತಿಗೂ ಕಾಣುತ್ತದೆ. ನನಗೆ ಅಳಿಸುವ ಸೌಲಭ್ಯವಿತ್ತು. ಶನಿವಾರ ಊಟ ಮುಗಿಸಿ ಕುಳಿತು, ಎಲ್ಲ ಸಾಲುಗಳನ್ನೂ ಕೂಡಿಸಿ ನನ್ನ ಹೆಸರಿನಲ್ಲಿ ಒಂದೇ ಮಾಡಿದೆ: ‘ರಾಹುಕಾಲದ ಲೆಕ್ಕಾಚಾರವನ್ನು ಅಳವಡಿಸಲಾಗಿದೆ.’ ಬಸವರಾಜನ ತಿದ್ದುಪಡಿಯೂ ಅದರಲ್ಲಿ ಕರಗಿತು. ಅದನ್ನು ಕಂಡೂ ಕಾಣದಂತಿದ್ದೆ.

ಅವನಿಗೆ ಹೇಳಲೂ ಇಲ್ಲ. ಅವನ ಕಂಪ್ಯೂಟರಿನಲ್ಲಿ ಹಳೆಯ ಇತಿಹಾಸವೇ ಇತ್ತು. ಭಾನುವಾರ ಬೆಳಗ್ಗೆ ತನ್ನ ಹೊಸ ಕೆಲಸ ಸೇರಿಸಲು ಹೋದರೆ ಅವನ ಹಳೆಯ ಇತಿಹಾಸಕ್ಕೂ ನನ್ನ ಹೊಸ ಇತಿಹಾಸಕ್ಕೂ ಹೊಂದಲಿಲ್ಲ. ಜಗಳ ಒಲ್ಲದ ಮನುಷ್ಯ. ಎರಡನ್ನೂ ಕೂಡಿಸಿ ಕಳಿಸಿದ. ಸಂಜೆ ಪರದೆಯ ಮೇಲೆ ನನ್ನ ಗಂಭೀರ ವಾಕ್ಯ ಬಂತು. ಅದರ ಹಿಂದೆಯೇ ಹದಿನೇಳು ‘ಸರಿ ಹೋಯ್ತು’ಗಳೂ, ಆ ಅಧ್ವಾನವೂ ಬಂದವು.

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬಸವರಾಜನೂ ನಕ್ಕ. ಆಮೇಲೆ ಹೊರಗೆ ಕಾಫಿ ಕುಡಿಯುತ್ತ ಮೆಲ್ಲಗೆ ಹೇಳಿದ: “ಅಧ್ವಾನ ಅಂದದ್ದು ನಾ ಅವತ್ತ ಓದೀನ್ರಿ. ಸಿಟ್ಟಿನಾಗ ಬರದಾರ ಅಂತ ಬಿಟ್ಟೆ. ಆದ್ರ ನಿನ್ನೆ ಎಲ್ಲಾ ಒಂದ ಮಾಡೀರಲ್ಲ, ಅದರಾಗ ನನ್ನ ಹೆಸರ ಇಲ್ಲಲ್ರಿ?”

ಇಬ್ಬರ ಕಾಫಿಯ ದುಡ್ಡನ್ನೂ ನಾನೇ ಕೊಟ್ಟೆ.

ಅಪ್ಪನೂ ಸಭೆಗೆ ಬಂದಿದ್ದರು. ಆಸ್ತಿ ನೋಂದಣಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಬಾಯಿಬಿಟ್ಟರು: “ನಮ್ಮ ಆಫೀಸಲ್ಲಿ ಬ್ಲೇಡಲ್ಲಿ ಕೆರೆಯೋ ಹಾಗಿರ್ಲಿಲ್ಲ ಕಣೋ. ತಪ್ಪಿನ ಮೇಲೆ ಒಂದೇ ಗೆರೆ, ಪಕ್ಕದಲ್ಲಿ ಸಹಿ. ಕೆಳಗಿರೋದು ಓದೋಕಾಗ್ಬೇಕು. ಕೆರೆದಿರೋದು ಕಂಡ್ರೇನೇ ಜನಕ್ಕೆ ಅನುಮಾನ.” ಎರಡು ಸ್ಟಾಪ್ ಕಳೆದ ಮೇಲೆ, “ನನ್ನ ಚಪ್ಪಲಿ ವಿಷಯಾನೂ ಬರೀಬೇಕಿತ್ತು” ಎಂದರು.

ಬರೆದದ್ದು ನನ್ನೊಬ್ಬನ ಬಳಿ ಇರುವವರೆಗೆ ಎಷ್ಟು ಬೇಕಾದರೂ ಅಳಿಸಿ ಬರೆಯಬಹುದು. ಅದು ಸ್ನಾನ ಮಾಡಿ ಹೊರಗೆ ಹೋಗುವಷ್ಟೇ ಮರ್ಯಾದೆಯ ಕೆಲಸ. ಇನ್ನೊಬ್ಬನ ಕೈ ಸೇರಿದ ಮೇಲೆ ಅದು ಅವನದೂ ಹೌದು. ಇಷ್ಟು ತಿಳಿಯಲು ನನಗೆ ಒಂದು ಜೊತೆ ಚಪ್ಪಲಿ ಬೇಕಾಯಿತು.

ಮನೆಗೆ ಬಂದು ಹೊಸ ಸಾಲು ಸೇರಿಸಿದೆ: ‘ಅಧ್ವಾನ ನನ್ನದು. ತಿದ್ದಿದವನು ಬಸವರಾಜ. ಚಪ್ಪಲಿ ಅಪ್ಪನದು.’ ಆ ಆತುರದಲ್ಲಿ ಲೆಕ್ಕದಲ್ಲೂ ಕೈಯಾಡಿಸಿ ಶುಕ್ರವಾರದ ರಾಹುಕಾಲವನ್ನು ಕೆಡಿಸಿದ್ದೆನಂತೆ. ಮರುದಿನ ನೋಡಿದರೆ ಬಸವರಾಜ ಅದನ್ನು ತಿದ್ದಿ, ತನ್ನ ಹೆಸರಿನಲ್ಲಿ ಒಂದು ಸಾಲು ಬರೆದಿದ್ದ: ‘ಈಗ ಖರೇನ ಸರಿ ಹೋತು.’