ಕೌದಿಗೆ ಬಂದ ಮೂರು ಶಾಲು

ಸಹನಾ, ವೀರೇಶ, ನಿಮ್ಮ ಅಜ್ಜಿಯ ಎದೆ ಇನ್ನೂ ಡವಡವ ಅನ್ನುತ್ತಿದೆ. ಆಗಿದ್ದು ಇಷ್ಟೇ: ಒಂದು ಬಟ್ಟೆಗಂಟು ಬಿಚ್ಚಿದೆವು.

ನಮ್ಮೂರ ಗೌಡರ ಮನೆಯಿಂದ ಕೌದಿ ಹೊಲಿಯಲು ಹಳೇ ಬಟ್ಟೆ ಬಂದಿತ್ತು. ಅವರ ಹೊಲಕ್ಕೆ ಕೂಲಿಗೆ ಹೋಗುವ ದ್ಯಾಮವ್ವ ನನ್ನ ಜೊತೆಗಿದ್ದಳು. (ನನ್ನ ಕಣ್ಣಿಗೆ ಸೂಜಿಯ ತೂತು ಕಾಣುವುದಿಲ್ಲ, ದಾರ ಪೋಣಿಸುವವಳು ಅವಳೇ.) ಸೀರೆಗಳ ನಡುವೆ ಒಂದು ಪಕ್ಷದ ಶಾಲು ಸಿಕ್ಕಿತು. ಅದರ ಕೆಳಗೆ ವಿರೋಧಿ ಪಕ್ಷದ್ದು. ತಳದಲ್ಲಿ ಮೂರನೆಯದು! ಮೂರರಲ್ಲೂ ಗೌಡರ ಅತ್ತರಿನ ವಾಸನೆ.

ದ್ಯಾಮವ್ವನ ಕೈ ನಿಂತೇ ಹೋಯಿತು.

“ಅಕ್ಕಾರ, ಗೌಡ್ರು ನಮ್ಮ ಪಾರ್ಟಿ ಅಲ್ಲೇನ್ರಿ?”

ಮದುವೆಯಾಗಿ ಬಂದಾಗಿನಿಂದ ಅವಳಿರುವುದು ತಗಡಿನ ಶೆಡ್ಡಿನಲ್ಲಿ. ಸರಕಾರಿ ಮನೆ ಕೇಳಿದಾಗಲೆಲ್ಲ ಗೌಡರದು ಒಂದೇ ಮಾತು: “ನಮ್ಮ ಸರಕಾರ ಬರ್ಲಿ, ತಡಿಯವಾ.” ಆ ‘ನಮ್ಮ’ ಪಕ್ಷಕ್ಕಾಗಿ, ದುಂಡಸಿ ಊರಿಗೆ ಮದುವೆ ಮಾಡಿಕೊಟ್ಟ ಒಡಹುಟ್ಟಿದ ತಂಗಿಯ ಜೊತೆ ಜಗಳಾಡಿ ಮಾತು ಬಿಟ್ಟಿದ್ದಾಳೆ.

ಅವಳು ಶಾಲುಗಳನ್ನು ನೆಲಕ್ಕೆ ಹಾಸಿದಳು. “ಇದರ ಸರಕಾರ ಬಂದಾಗ ಗೌಡರ ಹೊಲಕ್ಕ ಡಾಂಬರ್ ರಸ್ತೆ ಆತು. ಇದು ಬಂದಾಗ ಅವರ ಮಗಗ ಕೆರಿ ಕೆಲಸದ ಗುತ್ತಿಗಿ ಸಿಕ್ತು. ಈ ಮೂರನೇದು ಅದರ ಕೂಡ ಸೇರಿ ಬಂದಾಗ ಅವರ ಗೋಡೌನ್ ಎದ್ದು ನಿಂತಿತು. ಎಲ್ಲಾ ಬಂದು ಹೋದುವು. ನಮ್ಮ ಸರಕಾರ ಯಾವಾಗ ಬರ್ತೈತ್ರಿ ಅಕ್ಕಾರ?”

ಅಷ್ಟರಲ್ಲಿ ಗೌಡರ ಹೆಂಡತಿ ಗೌಡಶಾನಿಯವರ ಫೋನು. ಶಾಲು ತಪ್ಪಿ ಬಂದಿರಬೇಕು ಎಂದು ಅಳುಕುತ್ತಲೇ ಹೇಳಿದೆ. ಅವರು ನಕ್ಕರು.

“ಅಯ್ಯ, ಹಾಕ್ರಿ ಹಾಕ್ರಿ! ಶಾಲಿನ ಅರಿವಿ ಗಟ್ಟಿ ಐತಿ. ಇಲೆಕ್ಷನ್ ಬಂದ್ರ ಹೊಸಾವು ಕೊಡ್ತಾರ.”

ನಾನು “ಹೂಂ” ಎಂದೆ. (ಜೀವನವಿಡೀ ಹೂಂ ಅಂದಿದ್ದೇ ಬಂತು!) ಸರಕಾರ ಬದಲಾದರೆ ಬಡವರ ದಿನ ಬದಲಾಗುತ್ತವೆ ಎಂದು ನಂಬಿಯೇ ನಾನೂ ಪ್ರತಿ ಸಲ ಬೆರಳಿಗೆ ಶಾಯಿ ಹಚ್ಚಿಸಿಕೊಂಡಿದ್ದೇನೆ. ಬದಲಾಗಿದ್ದು ಒಂದು ಕೊರಳಿನ ಬಟ್ಟೆಯಷ್ಟೇನಾ?

ದ್ಯಾಮವ್ವ ಸೂಜಿ ಕೆಳಗಿಟ್ಟಳು. “ನೀವು ಸಾಲಿ ಕಲ್ತವ್ರು. ಮನಿ ಸಲುವಾಗಿ ಒಂದು ಅರ್ಜಿ ಬರಕೊಡ್ರಿ. ಪಂಚಾಯ್ತಿಗೆ ನಾನ ಒಯ್ತೇನಿ.”

“ಗೌಡ್ರಿಗೆ ಗೊತ್ತಾದ್ರ ಕೂಲಿ ತಪ್ಪತೈತಲ್ಲವಾ?”

“ತಪ್ಪಲಿ. ಆ ಪಾರ್ಟಿ, ಈ ಪಾರ್ಟಿ ಏನೂ ಬರಿಬ್ಯಾಡ್ರಿ. ಮನಿ ಇಲ್ಲ ಅಂತ ಬರೀರಿ.”

ಅವಳು ಹೇಳಿದಂತೆಯೇ ಬರೆದೆ. ಅವಳು ಅದನ್ನು ಪಂಚಾಯ್ತಿಗೆ ಒಯ್ಯುವ ಮುಂಚೆ ಶಿಗ್ಗಾವಿಯಲ್ಲಿ ಜೆರಾಕ್ಸ್ ಮಾಡಿಸಿ, ಆ ಪ್ರತಿಯನ್ನು ಈ ಪತ್ರದ ಹಾಳೆಗಳಿಗೆ ಪಿನ್ ಹಾಕಿದ್ದೇನೆ. ಮಕ್ಕಳೇ, ಇವನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ. ನಾಳೆ ಯಾವುದೇ ಸರಕಾರ “ಅರ್ಜಿನೇ ಬಂದಿಲ್ಲ” ಎಂದರೆ, ಅವಳ ಕಡೆಯಿಂದ ತೋರಿಸಲು ಮತ್ತೇನಿದೆ?