ಮಾವನ ಕಾರಿನ ಎರಡು ರಿಲೇ

ಗುಬ್ಬಿಯಲ್ಲಿ ನನ್ನ ಸೋದರಮಾವನಿಗೆ ಒಂದು ತೆಂಗಿನ ತೋಟವಿತ್ತು, ಒಂದು ಹಳೇ ಕಪ್ಪು ಕಾರಿತ್ತು. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಕಾರಿಗೂ ಮಾವನಿಗೂ ವಯಸ್ಸಾಗಿತ್ತು. ಕಾರಿಗೆ ವಯಸ್ಸಾಗಿದೆ ಎಂದು ಮಾವ ಒಪ್ಪಿಕೊಳ್ಳುತ್ತಿದ್ದರು.

ಒಂದು ಸಂಜೆ ಅವರು ಕಾರನ್ನು ಹೊಲದ ಬದುವಿನ ಮೇಲೆ ಹತ್ತಿಸಿ ನಿಲ್ಲಿಸಿದರು. ಅತ್ತೆ ಕಡ್ಡಿ ಮುರಿದಂತೆ ಹೇಳಿದರು: "ಇನ್ಮೇಲೆ ಕತ್ತಲಾದ್ರೆ ನೀವು ಸ್ಟೇರಿಂಗ್ ಮುಟ್ಟಂಗಿಲ್ಲ. ನಿಮ್ಗೆ ಕಣ್ ಕಾಣ್ತಿಲ್ಲ."

"ಕಣ್ಣಲ್ಲ ಕಣೇ, ಲೈಟು. ಎರಡು ಹಣತೆ ಹಚ್ಕೊಂಡು ಓಡ್ಸಿದ್ರೂ ಇದಕ್ಕಿಂತ ಚೆನ್ನಾಗ್ ಕಾಣುತ್ತೆ."

ಈ ಜಗಳದ ಮಧ್ಯೆ ಬಾಯಿ ಹಾಕಿದ ಬುದ್ಧಿವಂತ ನಾನು. ಆಗ ತುಮಕೂರಿನ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದೆ. ಕಲಿಯುತ್ತಿದ್ದೆ ಎನ್ನುವುದು ನನ್ನ ಮಾತು. ಓನರ್ ಬೇರೆ ಪದ ಬಳಸುತ್ತಿದ್ದರು. "ರಿಲೇ ಹಾಕಿದ್ರೆ ಆಯ್ತು ಮಾವ" ಎಂದೆ. ಹಳೇ ಕಾರುಗಳಲ್ಲಿ ಹೆಡ್‌ಲೈಟಿನ ಕರೆಂಟು ಬ್ಯಾಟರಿಯಿಂದ ಹೊರಟು, ಸ್ವಿಚ್ಚಿನವರೆಗೆ ಬಂದು, ಸವೆದ ವೈರುಗಳಲ್ಲಿ ಮತ್ತೆ ಮುಂದಕ್ಕೆ ಹೋಗುವಷ್ಟರಲ್ಲಿ, ಮದುವೆಮನೆಯ ಪಾಯಸ ಕೊನೇ ಪಂಕ್ತಿಗೆ ಬಂದಂತೆ ನೀರಾಗಿರುತ್ತದೆ. ರಿಲೇ ಅಂದರೆ ಒಂದು ಪುಟ್ಟ ಡಬ್ಬಿ. ಸ್ವಿಚ್ಚಿನಿಂದ ಬರೀ ಅಪ್ಪಣೆ ಪಡೆದು, ಬ್ಯಾಟರಿಯಿಂದ ದಪ್ಪ ವೈರಿನಲ್ಲಿ ನೇರವಾಗಿ ಬಲ್ಬಿಗೆ ಬಡಿಸುತ್ತದೆ. ಡಿಮ್ಮಿಗೊಂದು, ಬ್ರೈಟಿಗೊಂದು.

ಮಧ್ಯಾಹ್ನದ ಊಟದೊಳಗೆ ಮುಗಿಸುತ್ತೇನೆ ಎಂದಿದ್ದೆ. ಯಾವ ದಿನದ ಊಟ ಎಂದು ಹೇಳಿರಲಿಲ್ಲ, ಅಷ್ಟೇ ನನ್ನ ಪುಣ್ಯ. ಬಾನೆಟ್ ಎತ್ತಿ ನೋಡಿದರೆ ಎಲ್ಲ ವೈರುಗಳೂ ಧೂಳು ಕುಡಿದು ಒಂದೇ ಬಣ್ಣವಾಗಿದ್ದವು. ಅಂದಾಜಿನ ಮೇಲೆ ಜೋಡಿಸಿ ಸ್ವಿಚ್ ಒತ್ತಿದೆ. ಹಾರ್ನ್ ಹೊಡೆದುಕೊಳ್ಳತೊಡಗಿತು, ನಿಲ್ಲಲಿಲ್ಲ. ಕರು ಹಗ್ಗ ಕಿತ್ತುಕೊಂಡು ಓಡಿತು. ಅರ್ಧ ಗುಬ್ಬಿ ನೋಡಲು ಬಂತು, ಇನ್ನರ್ಧ ಮನೆಯಲ್ಲೇ ಕೂತು ಬೈಯಿತು.

"ಏನ್ಲಾ, ಲೈಟ್ ಹಾಕು ಅಂದ್ರೆ ಬ್ಯಾಂಡ್‌ಸೆಟ್ ಹಾಕಿದೀಯ?" ಎಂದರು ಮಾವ.

ಎರಡನೇ ಸಲ ಲೈಟಿನ ಬದಲು ವೈಪರ್ ಆಡಿತು. ಮೂರನೇ ಸಲ ಏನೂ ಆಗಲಿಲ್ಲ. ನನಗೆ ಅದೇ ಪ್ರಗತಿ ಅನ್ನಿಸಿತು. ಬಗ್ಗಿ ಬಗ್ಗಿ ಸೊಂಟ ಹೋಯಿತು, ಬೆರಳು ಸುಟ್ಟಿತು. ಮಾರನೇ ದಿನ ಮಧ್ಯಾಹ್ನ ಕತ್ತಲು ಕೊಟ್ಟಿಗೆಯ ಒಳಗೋಡೆಯ ಮೇಲೆ ಬೆಳಕು ಬಿದ್ದಾಗ, ಬೆರಣಿಯೊಳಗಿನ ಹುಲ್ಲುಕಡ್ಡಿ ಕೂಡ ಬೇರೆ ಬೇರೆ ಕಾಣುತ್ತಿತ್ತು. ಅತ್ತೆ ರಿಲೇಗಳಿಗೆ ಕುಂಕುಮ ಇಟ್ಟು ಕರ್ಪೂರ ತಂದರು.

"ಬ್ಯಾಟ್ರಿ ಹತ್ರ ಕರ್ಪೂರ ಬ್ಯಾಡ ಅತ್ತೆ, ನಾವೆಲ್ಲ ಬದುಕ್ಬೇಕು."

ಕುಣಿಗಲ್ಲಿನಲ್ಲಿದ್ದ ಮಗಳ ಮನೆಗೆ ಹೋಗಲು ಮಾವ ಬೇಕೆಂದೇ ಹೊತ್ತು ಇಳಿಯುವವರೆಗೆ ಕಾದರು. ಅತ್ತೆ ಹಿಂದಿನ ಸೀಟಿನಲ್ಲಿ ಚಕ್ಕುಲಿ ಡಬ್ಬ ತೊಡೆಯ ಮೇಲಿಟ್ಟುಕೊಂಡು ಕೂತರು. ಮುಂದೆ ಕೂತ ನಾನು ತುಮಕೂರು ದಾಟುವ ಮೊದಲೇ ತೂಕಡಿಸುತ್ತಿದ್ದೆ. ಹೆಬ್ಬೂರು ಕಳೆದು ಕತ್ತಲು ಕವಿದಿತ್ತು, ಮಾವ ಗಕ್ಕನೆ ಬ್ರೇಕ್ ಹಾಕಿದರು.

"ಎಮ್ಮೆ ಮಲ್ಗಿದೆ" ಎಂದು ಹಾರ್ನ್ ಒತ್ತಿದರು. ಮತ್ತೆ ಒತ್ತಿದರು. "ಏನ್ ಎಮ್ಮೆನಪ್ಪಾ ಇದು, ಜಪ್ಪಯ್ಯ ಅಂದ್ರೂ ಏಳ್ತಿಲ್ವಲ್ಲ."

ನಾನು ಕಣ್ಣುಜ್ಜಿಕೊಂಡು ನೋಡಿದೆ. ನಮ್ಮ ಕಡೆ ಹುರುಳಿ ಕಟಾವಾದ ಮೇಲೆ ಗಿಡಗಳನ್ನು ಟಾರು ರಸ್ತೆಗೆ ಹರಡುತ್ತಾರೆ. ಬಸ್ಸು ಲಾರಿಗಳೇ ತುಳಿದು ಕಾಳು ಉದುರಿಸುತ್ತವೆ. ಸಂಜೆಗೆ ಅದನ್ನು ಅಂಚಿಗೆ ಗುಡ್ಡೆ ಮಾಡಿ ಹೋಗುತ್ತಾರೆ. ಮಾವ ಹಾರ್ನ್ ಹೊಡೆಯುತ್ತಿದ್ದದ್ದು ಆ ಗುಡ್ಡೆಗೆ. ನನ್ನ ಬೆಳಕಿನಲ್ಲಿ ಅದರ ಒಂದೊಂದು ಕಡ್ಡಿಯೂ ಕಾಣುತ್ತಿತ್ತು.

ಹಿಂದೆ ತಿರುಗಿ ನೋಡಿದೆ. ಅತ್ತೆ ಗೆದ್ದಿದ್ದರು, ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

ಮಾವ ಇಳಿದು ಹೋಗಿ ಗುಡ್ಡೆಯ ಮೇಲೆ ಕೈಯಿಟ್ಟು ನೋಡಿದರು. ವಾಪಸ್ ಬಂದು ಕೂತು, ಮುಂದಕ್ಕೇ ನೋಡುತ್ತಾ ಹೇಳಿದರು: "ಬೆಳಕು ಸಾಲ್ದು ಕಣೋ. ನಿನ್ ರಿಲೇ ಕೈಕೊಡ್ತು ಅನ್ಸುತ್ತೆ." ದನಿಯಲ್ಲಿ ಸಿಟ್ಟಿರಲಿಲ್ಲ. ಬೇಡಿಕೊಂಡಂತೆ ಇತ್ತು.

ಬೆಳಕು ದೂರದ ಹುಣಸೆಮರದ ನೆತ್ತಿಯವರೆಗೂ ಹತ್ತಿತ್ತು. ಜನ್ಮದಲ್ಲಿ ನಾನು ಸರಿಯಾಗಿ ಮಾಡಿದ್ದು ಅದೊಂದೇ ಕೆಲಸ.

"ಹೌದು ಮಾವ, ಎಲ್ಲೋ ಲೂಸ್ ಕನೆಕ್ಷನ್. ಈ ಕಡೆ ಬನ್ನಿ, ನಾನೇ ಓಡಿಸ್ಕೊಂಡು ನೋಡ್ತೀನಿ."

"ನನ್ಗೂ ಮಂಕಾಗೇ ಕಾಣ್ತಿತ್ತು" ಎಂದರು ಅತ್ತೆ.

"ಮಾಡಿರೋನು ನೀನಲ್ವಾ, ನೀನೇ ಅನುಭವಿಸು" ಎಂದು ಮಾವ ಈ ಬದಿಗೆ ಬಂದರು.

ಆಮೇಲೆ ಯಾವ ಸಂಜೆ ಎಲ್ಲಿಗೆ ಹೋಗಬೇಕಾದರೂ ಗುಬ್ಬಿಯಿಂದ ಅಂಗಡಿಗೆ ಸುದ್ದಿ ಬರುತ್ತಿತ್ತು: ಲೈಟ್ ಇನ್ನೂ ಸರಿಹೋಗಿಲ್ಲ, ಬಂದು ಓಡಿಸಿ ನೋಡು. ದಿನವಿಡೀ ದುಡಿದ ಮೈಯನ್ನು ಬಸ್ಸಿನ ಕಂಬಿಗೆ ನೇತುಹಾಕಿಕೊಂಡು ಹೋಗುತ್ತಿದ್ದೆ. ಎಡಗಡೆ ಕೂತ ಮಾವ ಹಿಂದಿನ ಸೀಟಿನ ನೆಂಟರಿಗೆ ನಾನು ಎಂಥ ಕೆಟ್ಟ ಮೆಕ್ಯಾನಿಕ್ ಎಂದು ವಿವರಿಸುತ್ತಿದ್ದರು. ನಾನು ಹೌದು ಎನ್ನುತ್ತಿದ್ದೆ, ಎದುರು ಲಾರಿ ಬಂದರೆ ಡಿಮ್ ಮಾಡುತ್ತಿದ್ದೆ.